ಬಸ್ ಟೈಮ್ ನೋಡಿ ಬಿಎಡ್ ಕಾಲೇಜು ಹಿಡಿದವಳ ಅನುಭವ

ಬಿಎಸ್ಸಿ ಮುಗಿಸಿ 16 ವರ್ಷ ಅಡಿಕೆ ಸುಲಿದವಳು ಬಿಎಡ್‌ಗೆ ಹೊರಟೆ ಅಂದಾಗ ಭಾವ ಕವಳ ಉಗಿದು ಬಂದು, "ಮಗನ ಜೊತೆ ಪರೀಕ್ಷೆ ಬರೀತೀಯೇನು ಮಾರಾಯ್ತಿ?" ಅಂದಿದ್ದರು. ಬರೆದೆ. ಅವನು ಎಸ್ಸೆಸ್ಸೆಲ್ಸಿ ಪಾಸಾದ ವರ್ಷವೇ ನಾನೂ ಪಾಸು. ಪರ್ಸೆಂಟೇಜು ನನ್ನದೇ ಒಂದು ಕೂದಲು ಮೇಲೆ.

ಅದಕ್ಕೆ ಮೊದಲು ದುಡ್ಡು ಕಳೆದೆ. ಹೊರರಾಜ್ಯದ ಕಾಲೇಜು, ಪರೀಕ್ಷೆಗೆ ಬಂದರೆ ಸಾಕು ಅಂದ ಏಜೆಂಟನಿಗೆ 15 ಸಾವಿರ ಮುಂಗಡ ಕೊಟ್ಟಿದ್ದೆ. ತರಗತಿಗೆ ಶೇ 80, ಶಾಲೆಗೆ ಹೋಗಿ ಪಾಠ ಮಾಡುವ ಇಂಟರ್ನ್‌ಶಿಪ್‌ಗೆ ಶೇ 90 ಹಾಜರಿ ಬೇಕು ಅಂತ ಬಿಎಡ್‌ಗೆ ನಿಯಮ ಮಾಡುವ ಕೇಂದ್ರದ ಮಂಡಳಿ ಎನ್‌ಸಿಟಿಇ ನಿಯಮದಲ್ಲೇ ಇದೆಯಲ್ಲ ಅಂತ ಕೇಳಲು ಫೋನ್ ಮಾಡಿದರೆ ಸ್ವಿಚ್ ಆಫ್. ದೂರಶಿಕ್ಷಣದ ಬಿಎಡ್ ಸೇವೆಯಲ್ಲಿರುವ ತರಬೇತಾದ ಶಿಕ್ಷಕರಿಗೆ, ಇಲ್ಲವೇ ಡಿಎಡ್ (ಪ್ರಾಥಮಿಕ ಶಾಲೆ ಶಿಕ್ಷಕರ ಕೋರ್ಸು) ಥರದ್ದನ್ನು ತರಗತಿಗೆ ಹೋಗಿ ಮುಗಿಸಿದವರಿಗೆ. ನಾನು ಎರಡೂ ಅಲ್ಲ. ತಂಗಿ ಡಿಎಡ್ ಮಾಡು ಅಂದಳು. ನನಗೆ ಬೇಕಿದ್ದದ್ದು ಹೈಸ್ಕೂಲು.

ಕೊನೆಗೆ ಶಿವಮೊಗ್ಗದ ಮೂರು ಕಾಲೇಜಿನ ಗೇಟಿನಲ್ಲಿ ಸಂಜೆ ನಾಲ್ಕೂವರೆಗೆ ನಿಂತು ಎರಡನೇ ವರ್ಷದ ಹುಡುಗಿಯರನ್ನು ಹಿಡಿದೆ. ಇಂಟರ್ನ್‌ಶಿಪ್‌ಗೆ ಯಾವ ಶಾಲೆ, ರಸೀದಿ ಇಲ್ಲದೆ ಎಷ್ಟು ಕೇಳ್ತಾರೆ, ಬಸ್ ತಡವಾದರೆ ಏನಂತಾರೆ. ಹೆಸರಾದ ಕಾಲೇಜು ಬಿಟ್ಟು, ಬಸ್‌ಸ್ಟ್ಯಾಂಡಿನಿಂದ ನಡೆದು ಹೋಗುವಂಥದ್ದಕ್ಕೆ ಸೇರಿದೆ. ತೀರ್ಥಹಳ್ಳಿಯಿಂದ ಅರವತ್ತು ಕಿಲೋಮೀಟರು. ಮಂಡಗದ್ದೆ ದಾಟುವಷ್ಟರಲ್ಲಿ ಒಂದು ಪಾಠ ಯೋಜನೆ ಮುಗಿಯುತ್ತಿತ್ತು, ಅಕ್ಷರ ಮಾತ್ರ ಕೋಳಿ ಕೆದಕಿದ ಹಾಗೆ. 2023ರ ಜೂನಿಗೆ ಶಕ್ತಿ ಯೋಜನೆ ಬಂತು, ಆದರೆ ನನ್ನ ಟೈಮಿಗೆ ಸಿಗುತ್ತಿದ್ದದ್ದು ಖಾಸಗಿ ಬಸ್ಸೇ. ಎರಡು ವರ್ಷದಲ್ಲಿ ಫೀಸಿಗಿಂತ ಬಸ್ಸಿಗೆ ಹೆಚ್ಚು ಹೋಯಿತು, ಸುಮಾರು 45 ಸಾವಿರ.

ಇಂಟರ್ನ್‌ಶಿಪ್‌ಗೆ ನಮ್ಮೂರ ಹತ್ತಿರದ ಶಾಲೆಯನ್ನೇ ಹೇಗೆ ಹಾಕಿಸಿಕೊಂಡೆ ಅಂತ ಇಲ್ಲಿ ಬರೆಯೋಲ್ಲ, ಮುಂದೆ ಹೋಗುವವರಿಗೆ ಕೆಟ್ಟೀತು.

ಅಲ್ಲಿ ಮೊದಲ ಪಾಠ ನೆಲಕಚ್ಚಿತು. ಎರಡು ರಾತ್ರಿ ಕೂತು ಬಣ್ಣ ಹಚ್ಚಿದ ಚಾರ್ಟು ಹದಿನೆಂಟು ನಿಮಿಷಕ್ಕೇ ಖಾಲಿ, ಹುಡುಗರು ಆಕಳಿಸಿದರು. ಮರುದಿನ ಆಮ್ಲ-ಪ್ರತ್ಯಾಮ್ಲಕ್ಕೆ ಮನೆಯಿಂದ ಮೈಲುತುತ್ತ, ಸುಣ್ಣ, ಒಂದು ಹಳೇ ಕತ್ತಿ ತಂದೆ. ಅಡಿಕೆ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ನೂರು ಲೀಟರ್ ನೀರಿಗೆ ಮೈಲುತುತ್ತ, ಸುಣ್ಣ ಒಂದೊಂದು ಕೆಜಿ ಹಾಕೋದು ಗೊತ್ತೇ ಇದೆ. ಕ್ಲಾಸಿಗೆ ಒಂದು ಲೀಟರಿಗೆ ಹತ್ತು ಗ್ರಾಂ ಲೆಕ್ಕ. ಸುಣ್ಣ ಬೇಕಂತಲೇ ಕಮ್ಮಿ ಹಾಕಿ ಕತ್ತಿ ಅದ್ದಿ ಎತ್ತಿದೆ. ಅಲಗಿನ ಮೇಲೆ ತಾಮ್ರದ ಕೆಂಪು. ಇಡೀ ವಾರ ಬಾಯಿ ಬಿಡದಿದ್ದ ಹಿಂದಿನ ಬೆಂಚಿನ ಹುಡುಗ ಎದ್ದು, "ಸುಣ್ಣ ಸಾಲ್ಲ ಮೇಡಂ, ಕಾಯಿ ಸುಟ್ಟೋಗುತ್ತೆ!" ಅಂದ. ಲಿಟ್ಮಸ್ ಕಾಗದವನ್ನು ಅವನ ಕೈಗೇ ಕೊಟ್ಟೆ. ಪಾಠ ನೋಡಲು ಬಂದಿದ್ದ ನಮ್ಮ ಕಾಲೇಜಿನ ಮೇಡಂ ಗಡಿಯಾರ ನೋಡೋದನ್ನೇ ಬಿಟ್ಟರು.

ಶಿಕ್ಷಕರ ಅರ್ಹತಾ ಪರೀಕ್ಷೆ ಟಿಇಟಿಯ ಎರಡನೇ ಪತ್ರಿಕೆಗೆ ನನ್ನ ವರ್ಗದವರಿಗೆ 150ಕ್ಕೆ 90 ಬೇಕಿತ್ತು. ಮೊದಲ ಸಲ 84. ಎರಡನೇ ಸಲ ತೊಂಬತ್ತೇಳೋ ತೊಂಬತ್ತೆಂಟೋ. ಈಗ ಅತಿಥಿ ಶಿಕ್ಷಕಿ, ಸಂಬಳ ಹೇಳಿಕೊಳ್ಳುವಂಥದ್ದಲ್ಲ.

ಮೊನ್ನೆ ಭಾವ ಫೋನ್ ಮಾಡಿ, ಸೊಸೆಯನ್ನು ಯಾವ ಕಾಲೇಜಿಗೆ ಹಾಕೋದು ಅಂತ ಕೇಳಿದರು. ಮೊದಲು ನಿಮ್ಮೂರಿಂದ ಬೆಳಿಗ್ಗೆ ಎಷ್ಟು ಹೊತ್ತಿಗೆ ಬಸ್ಸಿದೆ ಹೇಳಿ ಭಾವ, ಅಂದೆ.