ರಾಮನವಮಿಯ ಪಾನಕ, ಮಜ್ಜಿಗೆ, ಕೋಸಂಬರಿ: ಬೀದಿಯಲ್ಲಿ ಒಂದು ಲೋಟವೂ ಬೀಳದಂತೆ ಹಂಚುವ ಬಗೆ

ಚೈತ್ರ ಶುದ್ಧ ನವಮಿಯ ಮಧ್ಯಾಹ್ನ ಬೆಂಗಳೂರು, ಮೈಸೂರಿನ ಹಳೇ ಬಡಾವಣೆಗಳಲ್ಲಿ ಮೂಲೆಗೊಂದು ಪೆಂಡಾಲು, ಪೆಂಡಾಲಿಗೊಂದು ಪಾನಕದ ಕೊಳಗ. ಸಂಜೆ ನೋಡಿದರೆ ಅದೇ ಮೂಲೆಯ ಚರಂಡಿ ತುಂಬ ಲೋಟಗಳು. ಬಿಸಿಲಲ್ಲಿ ಬಂದವರ ಹೊಟ್ಟೆ ತಣ್ಣಗೆ ಮಾಡುವ ಇಷ್ಟು ಚೆಂದದ ಹಬ್ಬ ಕಸದ ರಾಶಿಯಲ್ಲಿ ಮುಗಿಯಬೇಕಾಗಿಲ್ಲ. ಇಲ್ಲಿರುವುದು 500 ಜನರ ಲೆಕ್ಕ. ನಿಮ್ಮದು ಸಣ್ಣ ಬೀದಿಯಾದರೆ ಅರ್ಧ ಮಾಡಿಕೊಳ್ಳಿ.

ಮೊದಲು ಲೋಟ, ಆಮೇಲೆ ಬೆಲ್ಲ

ಮೊದಲು ಚಂದಾ, ಆಮೇಲೆ ಸಾಮಾನಿನ ಪಟ್ಟಿ, ಕೊನೆಗೆ ಹಿಂದಿನ ರಾತ್ರಿ ಯಾರಾದರೂ ಅಂಗಡಿಗೆ ಓಡಿ ಲೋಟ ತರುವುದು: ಇದು ವಾಡಿಕೆ. ಕೆಲಸ ಕೆಡುವುದು ಇಲ್ಲೇ. ಆ ಹೊತ್ತಿನಲ್ಲಿ ಸಿಗುವುದು ಬಿಸಾಡುವ ಲೋಟ ಮಾತ್ರ. ಪ್ಲಾಸ್ಟಿಕ್ ಲೋಟ, ತಟ್ಟೆ, ಚಮಚ ಕರ್ನಾಟಕದಲ್ಲಿ 2016ರ ಮಾರ್ಚ್‌ನಿಂದಲೇ ನಿಷಿದ್ಧ, 2022ರ ಜುಲೈ 1ರಿಂದ ಇಡೀ ದೇಶದಲ್ಲೂ ನಿಷಿದ್ಧ. ಹಾಗಾಗಿ ಎಲ್ಲರೂ ಪೇಪರ್ ಕಪ್ಪಿಗೆ ಹೊರಳಿದ್ದಾರೆ. ಆದರೆ ಅದರ ಒಳಮೈಗೂ ಸಾಮಾನ್ಯವಾಗಿ ತೆಳು ಪ್ಲಾಸ್ಟಿಕ್ ಪೊರೆ ಇರುತ್ತದೆ. ಗೊಬ್ಬರದ ಗುಂಡಿಗೆ ಹಾಕಿದರೆ ಕಾಗದ ಕೊಳೆಯುತ್ತದೆ, ಪೊರೆ ಹಾಗೇ ಉಳಿಯುತ್ತದೆ.

ಸ್ಟೀಲ್ ಲೋಟವೇ ಸರಿ, 500 ಜನಕ್ಕೆ ಸಾವಿರ ಲೋಟವೂ ಬೇಕಿಲ್ಲ. ನೂಕುನುಗ್ಗಲಿನ ಹೊತ್ತಿನಲ್ಲಿ ನಿಮಿಷಕ್ಕೆ ಎಂಟು ಜನ, ಒಬ್ಬೊಬ್ಬರಿಗೆ ಪಾನಕಕ್ಕೊಂದು ಮಜ್ಜಿಗೆಗೊಂದು ಲೋಟ, ಕುಡಿದ ಲೋಟ ತೊಳೆದು ಮತ್ತೆ ಮೇಜಿಗೆ ಬರಲು 15 ನಿಮಿಷ ಎಂದು ಹಿಡಿದರೆ 240 ಆಗುತ್ತದೆ. 250 ಲೋಟ ಪಾತ್ರೆ ಬಾಡಿಗೆಯ ಅಂಗಡಿಯಲ್ಲಿ ಹದಿನೈದು ದಿನ ಮೊದಲೇ ಹೇಳಿಡಿ. 200 ಮಿಲಿ ಹಿಡಿಯುವ ಲೋಟಕ್ಕೆ 150 ಮಿಲಿ ಹಾಕಿ. ತುಂಬಿ ಕೊಟ್ಟರೆ ಅರ್ಧ ಕುಡಿದು ಚೆಲ್ಲುತ್ತಾರೆ.

ತೊಳೆಯಲು 40 ಲೀಟರಿನ ಮೂರು ಟಬ್ ಸಾಲಾಗಿ ಇಡಿ. ಒಂದನೆಯದು ಬರೀ ನೀರು, ಎರಡನೆಯದು ಪಾತ್ರೆ ಸೋಪು ಕದಡಿದ ಬಿಸಿನೀರು, ಮೂರನೆಯದು ಶುದ್ಧ ನೀರು. ಸುಮಾರು 150 ಲೋಟ ಆದಾಗ ಒಂದನೇ ಟಬ್ಬನ್ನು ಖಾಲಿ ಮಾಡಿ ಮೂರನೆಯದರ ನೀರನ್ನು ಅದಕ್ಕೆ ಸುರಿಯಿರಿ, ಹೊಸ ನೀರು ಮೂರನೆಯದಕ್ಕೆ ಮಾತ್ರ. ಹೀಗೆ ಮಾಡಿದರೆ ಸಾವಿರ ಸಲ ತೊಳೆಯಲು 400ರಿಂದ 500 ಲೀಟರ್ ಸಾಕು. ಲೋಟ ಒರೆಸಬೇಡಿ, ಒಂದೇ ಬಟ್ಟೆ ನೂರು ಲೋಟಕ್ಕೆ ಓಡಾಡಿದರೆ ತೊಳೆದದ್ದೇ ವ್ಯರ್ಥ. ತೂತಿನ ಬುಟ್ಟಿಯಲ್ಲಿ ಬೋರಲು ಹಾಕಿ, ಏಪ್ರಿಲ್ ಬಿಸಿಲು ಐದು ನಿಮಿಷದಲ್ಲಿ ಒಣಗಿಸುತ್ತದೆ. ಎತ್ತಿ ಕುಡಿಯುವ ಅಭ್ಯಾಸ ನಮ್ಮಲ್ಲಿ ಇದೆ ನಿಜ, ಆದರೆ ಅದನ್ನು ನಂಬಿ ತೊಳೆಯುವುದರಲ್ಲಿ ಸಡಿಲ ಬಿಡಬಾರದು.

ಲೋಟಗಳು ಎಲ್ಲೆಲ್ಲೋ ಹೋಗುತ್ತವೆ ಎಂಬ ದೂರಿಗೆ ಕಾರಣ ಜಾಗದ ಜೋಡಣೆ. ಟಬ್‌ಗಳು ಪೆಂಡಾಲಿನ ಹಿಂದೆ ಇದ್ದರೆ ಜನ ಲೋಟವನ್ನು ಕಾಂಪೌಂಡಿನ ಮೇಲೆ ಇಟ್ಟು ನಡೆದುಬಿಡುತ್ತಾರೆ. ಹಂಚುವ ಮೇಜಿನಿಂದ ಹತ್ತು ಹೆಜ್ಜೆ ಮುಂದೆ, ಹೊರಗೆ ಹೋಗುವ ದಾರಿಯಲ್ಲೇ ಬುಟ್ಟಿ ಹಿಡಿದು ಒಬ್ಬರು ನಿಲ್ಲಲಿ. ಗಾಡಿ ಮೇಲೆ ಬಂದು ಅವಸರದಲ್ಲಿರುವವರ ನೀರಿನ ಬಾಟಲಿಗೆ ಆಲಿಕೆ ಇಟ್ಟು ಸುರಿದುಕೊಡಿ.

2024ರ ಬೇಸಿಗೆಯಲ್ಲಿ ಬೆಂಗಳೂರಿಗೆ ಬಂದಂಥ ನೀರಿನ ಬರ ಇದ್ದರೆ ಈ ಲೆಕ್ಕ ಬದಲಾಗುತ್ತದೆ. ಆಗ ಮನೆಯಿಂದಲೇ ಲೋಟ ತರಲು ಮೊದಲೇ ತಿಳಿಸಿ, ಮಿಕ್ಕವರಿಗೆ ಅಡಿಕೆ ಹಾಳೆಯ ಬಟ್ಟಲು ಇಡಿ.

ಕೋಸಂಬರಿಗೆ ಎಲೆ

ದೊನ್ನೆ ಎಂದು ಮಾರುವುದೆಲ್ಲ ಎಲೆಯಲ್ಲ. ಯಂತ್ರದಲ್ಲಿ ಒತ್ತಿದ ಎಷ್ಟೋ ದೊನ್ನೆಗಳಲ್ಲಿ ಎಲೆಯ ಹಿಂದೆ ರಟ್ಟು, ನಡುವೆ ಪ್ಲಾಸ್ಟಿಕ್ ಹಾಳೆ ಇರುತ್ತದೆ. ಅಂಗಡಿಯಲ್ಲೇ ಅಂಚು ಹರಿದು ನೋಡಿ: ಎಲೆ ಚರಕ್ಕನೆ ಹರಿಯುತ್ತದೆ, ಪ್ಲಾಸ್ಟಿಕ್ ಇದ್ದರೆ ಎಳೆದಂತೆ ಹಿಗ್ಗುತ್ತದೆ. ಕಡ್ಡಿ ಚುಚ್ಚಿದ ಮುತ್ತುಗದ ದೊನ್ನೆ ಒಳ್ಳೆಯದು. ಸ್ಟೇಪಲ್ ಪಿನ್ ಹೊಡೆದದ್ದು ಬೇಡ. ಕೋಸಂಬರಿ ಅಂಟಿದ ಎಲೆಯನ್ನು ಬೀದಿ ದನ ತಿಂದೇ ತಿನ್ನುತ್ತದೆ, ಪಿನ್ನು ಅದರ ಹೊಟ್ಟೆಗೆ ಹೋಗುತ್ತದೆ. ಹಾಳೆಯ ಬಟ್ಟಲಿನಲ್ಲಿ ಕಪ್ಪು ಅಥವಾ ಬಿಳಿ ಬೂಷ್ಟಿನ ಚುಕ್ಕೆ ಕಂಡರೆ ಒರೆಸಿ ಬಳಸಬೇಡಿ, ತೆಗೆದಿಡಿ.

ಎಲ್ಲಕ್ಕಿಂತ ಸುಲಭ ಬಾಳೆ ಎಲೆ. ಅಂಗೈಯಗಲದ ತುಂಡು ಮಾಡಿ ಬೆಂಕಿಯ ಮೇಲೆ ಒಂದು ಕ್ಷಣ ಆಡಿಸಿ. ಹಸಿರು ಗಾಢವಾಗಿ, ಹೊಳಪು ಬಂದು, ಎಲೆ ಬಟ್ಟೆಯಂತೆ ಮೆತ್ತಗಾಗುತ್ತದೆ. ಬಾಡಿಸದ ಎಲೆ ಮಡಿಸಿದ ಕೂಡಲೇ ಗೆರೆಯುದ್ದಕ್ಕೆ ಸೀಳುತ್ತದೆ.

ಪಾನಕ

12 ಕಿಲೋ ಬೆಲ್ಲ, 68 ಲೀಟರ್ ನೀರು, 75 ನಿಂಬೆಹಣ್ಣು, 150 ಗ್ರಾಂ ಶುಂಠಿ ಪುಡಿ, 75 ಗ್ರಾಂ ಕಾಳುಮೆಣಸು, 50 ಗ್ರಾಂ ಏಲಕ್ಕಿ, ಒಂದು ಹಿಡಿ ಉಪ್ಪು. ಎಲ್ಲ ಸೇರಿ 75 ಲೀಟರ್ ಆಗುತ್ತದೆ. ಪಚ್ಚಕರ್ಪೂರ ಹಾಕುವುದಾದರೆ ಅರ್ಧ ಗ್ರಾಂ ಮೀರಬಾರದು. ಆರತಿ ಕರ್ಪೂರ ವಿಷ, ಎರಡನ್ನೂ ಒಂದೇ ಕಡೆ ಇಡಲೇಬೇಡಿ.

ಬೆಲ್ಲ ಗಾಢ ಕಂದು ಬಣ್ಣದ್ದಿರಲಿ. ಹಳದಿ ಹೊಳೆಯುವ ಅಚ್ಚಿಗೆ ಬಣ್ಣ ತಿಳಿಯಾಗಲು ಹೈಡ್ರೋಸ್ ಎಂಬ ರಾಸಾಯನಿಕ ಹಾಕಿರುವುದುಂಟು. ಹಿಂದಿನ ರಾತ್ರಿ ಕುಟ್ಟಿ 12 ಲೀಟರ್ ನೀರಿನಲ್ಲಿ ಕರಗಿಸಿ, ಒದ್ದೆ ಬಟ್ಟೆಯಲ್ಲಿ ಸೋಸಿಡಿ. ಗಟ್ಟಿ ಪಾಕ ಬೆಳಗಿನ ತನಕ ಕೆಡುವುದಿಲ್ಲ, ತೆಳ್ಳಗೆ ಮಾಡಿದ ಪಾನಕ ಮಾತ್ರ ಈ ಸೆಕೆಗೆ ಕೆಲವೇ ಗಂಟೆಗಳಲ್ಲಿ ಗುಳ್ಳೆಯೆದ್ದು ಹುಳಿ ವಾಸನೆ ಬರುತ್ತದೆ. ಆದ್ದರಿಂದ ಉಳಿದ ನೀರು, ನಿಂಬೆರಸ ಹಂಚುವ ಮುಂಚೆಯಷ್ಟೇ, ಅದೂ ಎರಡು ಸಲವಾಗಿ. ಕೊಳಗ ಸ್ಟೀಲಿನದಿರಲಿ. ಕಲಾಯಿ ಇಲ್ಲದ ಹಿತ್ತಾಳೆಗೆ ನಿಂಬೆ, ಮಜ್ಜಿಗೆ ಎರಡೂ ಆಗದು, ಕಿಲುಬು ಬಿಡುತ್ತದೆ.

ಐಸ್ ಬೇಡ. ಮಾರುಕಟ್ಟೆಯ ಐಸ್ ಎಷ್ಟೋ ಸಲ ಕುಡಿಯುವ ನೀರಿನದಲ್ಲ, ಗೋಣಿಯಲ್ಲಿ ಎಳೆದು ತಂದಿರುತ್ತಾರೆ. ಮಣ್ಣಿನ ಗಡಿಗೆಗಳಲ್ಲಿ ಹಿಂದಿನ ರಾತ್ರಿಯೇ ನೀರು ತುಂಬಿ ಗಾಳಿಯಾಡುವ ಕಡೆ ಇಡಿ, ಆ ತಣ್ಣೀರನ್ನೇ ಪಾಕಕ್ಕೆ ಬೆರೆಸಿ. ಪಾನಕವನ್ನೇ ಗಡಿಗೆಗೆ ತುಂಬಬಾರದು, ಸಿಹಿ ಮಣ್ಣಿನ ರಂಧ್ರಕ್ಕಿಳಿದು ಹುಳಿಯುತ್ತದೆ, ಮುಂದಿನ ಸಲ ಆ ಗಡಿಗೆಯ ನೀರೂ ನಾರುತ್ತದೆ. ಕೊಳಗಕ್ಕೆ ಒದ್ದೆ ಗೋಣಿತಾಟು ಸುತ್ತಿದರೆ ತಂಪು ಉಳಿಯುತ್ತದೆ.

ನೀರು ಮಜ್ಜಿಗೆಗೆ 15 ಲೀಟರ್ ಮೊಸರು, 60 ಲೀಟರ್ ನೀರು, ಸುಮಾರು 450 ಗ್ರಾಂ ಉಪ್ಪು. ಕರಿಬೇವು, ಶುಂಠಿ, ಹಸಿಮೆಣಸು ಅರೆದು ಹಾಕಿ. ಹೆಚ್ಚಿ ಹಾಕಿದರೆ ಲೋಟದ ತಳದಲ್ಲಿ ಉಳಿದು ಕಸವಾಗುತ್ತದೆ.

ಕೋಸಂಬರಿ

ಒಬ್ಬರಿಗೆ 50 ಗ್ರಾಂನಂತೆ 25 ಕಿಲೋ ಬೇಕು. 6 ಕಿಲೋ ಹೆಸರುಬೇಳೆ ಎರಡು ಗಂಟೆ ನೆನೆದರೆ ಸುಮಾರು 13 ಕಿಲೋ ಆಗುತ್ತದೆ. ಸೌತೆಕಾಯಿ 7 ಕಿಲೋ, ಕ್ಯಾರೆಟ್ 2 ಕಿಲೋ, ತೆಂಗಿನಕಾಯಿ 10, ಮಾವಿನಕಾಯಿ ಒಂದೂವರೆ ಕಿಲೋ. ಬೇಳೆ ನಾಲ್ಕೈದು ಗಂಟೆ ನೆನೆದರೆ ಕಚ್ಚುವಾಗ ಕರುಮ್ ಅನ್ನುವುದಿಲ್ಲ. ಉಪ್ಪು ಬಿದ್ದ ಹತ್ತೇ ನಿಮಿಷಕ್ಕೆ ಸೌತೆಕಾಯಿ ನೀರು ಬಿಡುತ್ತದೆ, ಎಲೆ ಸೋರುತ್ತದೆ, ಜನ ಎರಡನೇ ಎಲೆ ಕೇಳುತ್ತಾರೆ. ಹಾಗಾಗಿ ಐದೈದು ಕಿಲೋ ಮಾತ್ರ ಕಲಸುತ್ತಾ ಹೋಗಿ. ಇದರಿಂದ ಇನ್ನೊಂದು ಲಾಭ: ಕಲಸದೆ ಉಳಿದ ಬೇಳೆಯನ್ನು ಅವತ್ತೇ ರಾತ್ರಿ ರುಬ್ಬಿ ದೋಸೆ ಹುಯ್ಯಬಹುದು. ಕಾಯಿ ಬಿದ್ದದ್ದು ಬಿಸಿಲಿಗೆ ನಾಲ್ಕು ಗಂಟೆಯೂ ತಡೆಯದು.

ಪೆಂಡಾಲು ಕಳಚುವಾಗ

ಫ್ಲೆಕ್ಸ್ ಬದಲು ಬಟ್ಟೆಯ ಮೇಲೆ ಬಣ್ಣದಲ್ಲಿ ಬರೆಸಿ, ಇಸವಿ ಹಾಕಿಸಬೇಡಿ. ಅದೇ ಬ್ಯಾನರ್ ವರ್ಷವರ್ಷ ಕಟ್ಟಬಹುದು. ಒಂದನೇ ಟಬ್ಬಿನ ನೀರು ಬೀದಿ ಮರಗಳಿಗೆ, ಬುಡಕ್ಕೇ ಅಲ್ಲ, ಸುತ್ತ ಮೂರಡಿ ದೂರದಲ್ಲಿ, ಮರಕ್ಕೊಂದೇ ಬಕೆಟ್ಟು. ಮಜ್ಜಿಗೆಯ ಉಪ್ಪು ಒಂದೇ ಕಡೆ ಸೇರಬಾರದು. ಸೋಪಿನ ನೀರು ಚರಂಡಿಗೆ ಹೋಗಲಿ.

ಬಾಳೆ ಎಲೆ, ಮುತ್ತುಗದ ದೊನ್ನೆ, ತರಕಾರಿ ಸಿಪ್ಪೆ ಹರಿದು ಒಣ ತರಗೆಲೆಯ ಜೊತೆ ಪದರ ಪದರವಾಗಿ ಗೊಬ್ಬರದ ಗುಂಡಿಗೆ ಹಾಕಿ. ಅಡಿಕೆ ಹಾಳೆ ಗಟ್ಟಿ, ತುಂಡರಿಸಿ ಒಂದು ದಿನ ನೆನೆಸದಿದ್ದರೆ ತಿಂಗಳುಗಟ್ಟಲೆ ಹಾಗೇ ಇರುತ್ತದೆ. 75 ನಿಂಬೆಯ ಸಿಪ್ಪೆ ಸುಮಾರು ಒಂದೂವರೆ ಕಿಲೋ ಆಗುತ್ತದೆ; ಅದಕ್ಕೆ ಅರ್ಧ ಕಿಲೋ ಬೆಲ್ಲ, 5 ಲೀಟರ್ ನೀರು ಸೇರಿಸಿ ಹತ್ತು ಲೀಟರಿನ ಡ್ರಮ್ಮಿನಲ್ಲಿ ಮುಚ್ಚಿಡಿ. ಮೊದಲ ತಿಂಗಳು ದಿನಕ್ಕೊಮ್ಮೆ ಮುಚ್ಚಳ ಸಡಿಲಿಸಿ ಗಾಳಿ ಬಿಡಿ, ಇಲ್ಲದಿದ್ದರೆ ಡ್ರಮ್ ಉಬ್ಬಿ ಒಡೆಯುತ್ತದೆ. ಮೂರು ತಿಂಗಳಿಗೆ ಸೋಸಿದರೆ ದೇವಸ್ಥಾನದ ನೆಲ ಒರೆಸುವ ದ್ರಾವಣ ಸಿದ್ಧ. ಒಂದು ಬಕೆಟ್ ನೀರಿಗೆ ಅರ್ಧ ಲೋಟ ಸಾಕು.