ದೇಹ ಗಟ್ಟಿಯಿದ್ದರೆ ಸಾಕೇ? ಮನೆಯಲ್ಲೇ ಪರೀಕ್ಷಿಸಿ ನೋಡಿ

ದಿನವಿಡೀ ತೋಟದಲ್ಲಿ ದುಡಿಯುವವನಿಗೆ ಬೇರೆ ವ್ಯಾಯಾಮ ಯಾಕೆ ಎಂದು ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯ ಅಡಿಕೆ ಕೃಷಿಕರು ಕೇಳುವುದುಂಟು. ಮಾತು ಅರ್ಧ ನಿಜ. ಗೊಬ್ಬರದ ಬುಟ್ಟಿ ಹೊತ್ತು ಹೊತ್ತು ಭುಜ ಗಟ್ಟಿಯಾಗಿರುತ್ತದೆ. ಆದರೆ ಅದೇ ಮನುಷ್ಯನಿಗೆ ಪೊಸಡಿಗುಂಪೆ ಗುಡ್ಡ ಏರುವಾಗ ಉಸಿರು ಮೇಲೆ ಕೆಳಗೆ ಆಗಬಹುದು, ಬಾಗಿದರೆ ಕೈ ಪಾದಕ್ಕೆ ಎಟುಕದೆ ಇರಬಹುದು. ಆರೋಗ್ಯಕ್ಕೆ ಬೇಕಾದ ದೇಹಕ್ಷಮತೆಯಲ್ಲಿ ಐದು ಅಂಶಗಳಿವೆ: ಹೃದಯ–ಶ್ವಾಸಕೋಶಗಳ ತಾಳಿಕೆ, ಸ್ನಾಯುಬಲ, ಸ್ನಾಯುಗಳ ತಾಳಿಕೆ, ನಮ್ಯತೆ (ಮೈ ಸಲೀಸಾಗಿ ಬಾಗುವ ಗುಣ) ಮತ್ತು ದೇಹದಲ್ಲಿರುವ ಕೊಬ್ಬಿನ ಪ್ರಮಾಣ. ಒಂದು ಚೆನ್ನಾಗಿದ್ದರೆ ಇನ್ನೊಂದೂ ಚೆನ್ನಾಗಿದೆ ಎಂದೇನೂ ಇಲ್ಲ.

ಎದೆನೋವು, ತಲೆಸುತ್ತು, ಹೃದ್ರೋಗ ಇರುವವರು ಮೊದಲು ವೈದ್ಯರನ್ನು ಕೇಳಿ.

1. ಉಸಿರಿನಿಂದ ಆರಂಭಿಸಿ. ಹತ್ತು ನಿಮಿಷ ಬಿರುಸಾಗಿ ನಡೆಯಿರಿ. ಮಾತನಾಡಲು ಆಗುತ್ತದೆ, ಆದರೆ ಪದ ಹಾಡಲು ಆಗುವುದಿಲ್ಲ ಎಂದಾದರೆ ಅದು ಮಧ್ಯಮ ಶ್ರಮ. ಮಾತೇ ತುಂಡಾಗುತ್ತಿದ್ದರೆ ಆ ವೇಗ ಸದ್ಯ ನಿಮಗೆ ಹೆಚ್ಚು.

2. ಬಲ ಬೇರೆ, ತಾಳಿಕೆ ಬೇರೆ. ಕಾಲಿಗೆ ತಳೆ (ಹಗ್ಗದ ಬಳೆ) ಹಾಕಿ ಅಡಿಕೆ ಮರ ಏರುವವರನ್ನು ಗಮನಿಸಿ: ಮೈಭಾರವನ್ನು ಒಮ್ಮೆ ಮೇಲಕ್ಕೆತ್ತುವುದು ಬಲ, ಮಧ್ಯಾಹ್ನದವರೆಗೂ ಮರದ ಮೇಲೆ ಮರ ಏರಲು ಬೇಕಾದದ್ದು ತಾಳಿಕೆ. ಕಾಲುಗಳಲ್ಲಿ ಇವೆರಡೂ ಎಷ್ಟಿವೆ ಎಂದು ತಿಳಿಯಲು ಒಂದು ಕುರ್ಚಿ ಸಾಕು. ಅದನ್ನು ಗೋಡೆಗೆ ಒರಗಿಸಿ, ಕೈಗಳನ್ನು ಎದೆಯ ಮೇಲೆ ಕತ್ತರಿಯಾಗಿ ಕಟ್ಟಿ, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತೀರಿ ಎಂದು ಎಣಿಸಿ. 60ರಿಂದ 64 ವರ್ಷದ ಗಂಡಸರಲ್ಲಿ 14ಕ್ಕಿಂತ, ಹೆಂಗಸರಲ್ಲಿ 12ಕ್ಕಿಂತ ಕಡಿಮೆಯಾದರೆ ಅದು ಸರಾಸರಿಗಿಂತ ಕೆಳಗೆ. ಕೈಯೂರಿ ಎದ್ದದ್ದು ಲೆಕ್ಕಕ್ಕಿಲ್ಲ.

3. ನಮ್ಯತೆ. ಸ್ವಲ್ಪ ನಡೆದು ಮೈ ಬಿಸಿಯಾದ ಮೇಲೆ ಕಾಲು ಚಾಚಿ ಕುಳಿತು ನಿಧಾನವಾಗಿ ಮುಂದೆ ಬಾಗಿ. ಬೆರಳು ಎಲ್ಲಿಯವರೆಗೆ ಹೋಯಿತು ಎಂದು ಗುರುತು ಹಾಕಿಕೊಳ್ಳಿ. ಜಗ್ಗಬೇಡಿ.

4. ತೂಕದ ಯಂತ್ರಕ್ಕಿಂತ ಟೇಪು ಮೇಲು. ತೂಕ ಕೊಬ್ಬಿನದೋ ಸ್ನಾಯುವಿನದೋ ಎಂದು ಯಂತ್ರ ಹೇಳುವುದಿಲ್ಲ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ, ಉಸಿರು ಬಿಟ್ಟಾಗ ಸುತ್ತಳತೆ ನೋಡಿ. ಭಾರತೀಯ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಎಚ್ಚರಿಕೆಯ ಗೆರೆ. ಹೊಟ್ಟೆ ಒಳಗೆಳೆದು ಅಳೆದರೆ ಮೋಸ ಹೋಗುವುದು ನೀವೇ.

ಇವುಗಳ ಜೊತೆಗೆ ಕೌಶಲಕ್ಕೆ ಸೇರಿದ ಆರು ಅಂಶಗಳಿವೆ: ವೇಗ, ಚುರುಕುತನ, ಸಮತೋಲನ, ಅಂಗಾಂಗಗಳ ಹೊಂದಾಣಿಕೆ, ಸ್ಫೋಟಕ ಶಕ್ತಿ, ತಕ್ಷಣದ ಪ್ರತಿಕ್ರಿಯೆ. ತೆಂಕುತಿಟ್ಟು ಯಕ್ಷಗಾನದ ವೇಷಧಾರಿ ಧೀಂಗಿಣ (ಸುತ್ತುತ್ತಾ ಹಾರುವ ಕುಣಿತ) ಹಾರಿ ತಾಳಕ್ಕೆ ಸರಿಯಾಗಿ ಕಾಲೂರುವಾಗ ಇವುಗಳಲ್ಲಿ ಹೆಚ್ಚಿನವು ಒಟ್ಟಿಗೆ ದುಡಿಯುತ್ತವೆ. ಎಲ್ಲರಿಗೂ ಅಷ್ಟು ಬೇಡ. ಆದರೆ ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳ ದಾಟಬೇಕಾದ ಹಿರಿಯರಿಗೆ ಸಮತೋಲನ ಬೇಕೇ ಬೇಕು. ಗೋಡೆಯ ಬಳಿ ಒಂಟಿ ಕಾಲಲ್ಲಿ 10 ಸೆಕೆಂಡು ನಿಲ್ಲಲು ಆಗುತ್ತದೆಯೇ ನೋಡಿ.

5. ಹಿಂದೆ ಬಿದ್ದ ಅಂಶಕ್ಕೆ ಹೆಚ್ಚು ಹೊತ್ತು ಕೊಡಿ. ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಶ್ರಮ, ಎರಡು ದಿನ ಸ್ನಾಯುಬಲದ ವ್ಯಾಯಾಮ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ತೋಟದ ಕೆಲಸವೂ ಇದರಲ್ಲಿ ಸೇರುತ್ತದೆ. ಬದುವಿನ ಮೇಲೆ ನಿಂತು ಆಳುಗಳಿಗೆ ಕೆಲಸ ಹೇಳುವುದು ಸೇರುವುದಿಲ್ಲ. ಎರಡು ತಿಂಗಳ ನಂತರ ಅದೇ ಕುರ್ಚಿ, ಅದೇ ಟೇಪು ಹಿಡಿದು ಮತ್ತೆ ಅಳೆಯಿರಿ. ಕುರ್ಚಿ ಬದಲಾದರೆ ಎತ್ತರ ಬದಲಾಗಿ ಲೆಕ್ಕ ತಪ್ಪುತ್ತದೆ.