ಮನೆಯಲ್ಲೇ ಕಲಿಲವನ್ನು ಗುರುತಿಸುವ ವಿಧಾನ

ಉಪ್ಪುನೀರಿನ ಕಣಗಳಿಗಿಂತ ದೊಡ್ಡದಾದ, ಆದರೆ ತಳಕ್ಕೆ ಇಳಿಯುವ ಮಣ್ಣಿನ ಕಣಗಳಿಗಿಂತ ಚಿಕ್ಕದಾದ, ಸುಮಾರು 1ರಿಂದ 1000 ನ್ಯಾನೋಮೀಟರ್ ಗಾತ್ರದ ಕಣಗಳು ಒಂದು ಮಾಧ್ಯಮದಲ್ಲಿ ಹರಡಿಕೊಂಡಿದ್ದರೆ ಅದು ಕಲಿಲ. 1861ರಲ್ಲಿ ರಸಾಯನವಿಜ್ಞಾನಿ ಥಾಮಸ್ ಗ್ರಹಾಂ ಇದಕ್ಕೆ ಇಂಗ್ಲಿಷಿನಲ್ಲಿ ಕೊಲಾಯ್ಡ್ ಎಂದು ಹೆಸರಿಟ್ಟರು.

ಮೊದಲು ಎರಡು ಗಾಜಿನ ಲೋಟಗಳಲ್ಲಿ ಶೋಧಿಸಿದ ನೀರನ್ನು ತೆಗೆದುಕೊಳ್ಳಿ. ಬೆಂಗಳೂರಿನ ಬೋರ್‌ವೆಲ್ ನೀರು ಕೆಲವೊಮ್ಮೆ ಕದಡಿರುವುದರಿಂದ ಅದನ್ನು ಬಳಸದಿರುವುದು ಒಳ್ಳೆಯದು. ಒಂದಕ್ಕೆ ಉಪ್ಪು ಕರಗಿಸಿ, ಇನ್ನೊಂದಕ್ಕೆ ಎರಡು ಮೂರು ಹನಿ ಹಾಲು ಬೆರೆಸಿ. ಕೋಣೆಯನ್ನು ಕತ್ತಲಾಗಿಸಿ ಪಕ್ಕದಿಂದ ಟಾರ್ಚ್ ಹಾಯಿಸಿದರೆ, ಉಪ್ಪುನೀರಿನಲ್ಲಿ ಬೆಳಕಿನ ಹಾದಿ ಕಾಣದು, ಹಾಲಿನ ನೀರಿನಲ್ಲಿ ಮಾತ್ರ ನಸುನೀಲಿಯಾಗಿ ಹೊಳೆಯುತ್ತದೆ. ಕಲಿಲದ ಕಣಗಳು ಬೆಳಕನ್ನು ಹೀಗೆ ಚದುರಿಸುವುದೇ ಟಿಂಡಾಲ್ ಪರಿಣಾಮ. ಚಳಿಗಾಲದ ಮುಂಜಾನೆ ಕಬ್ಬನ್ ಪಾರ್ಕಿನ ಮರಗಳ ನಡುವೆ ಮಂಜಿನಲ್ಲಿ ಕಾಣುವ ಬಿಸಿಲಿನ ಕೋಲುಗಳಿಗೂ ಬೆಳಕಿನ ಚದುರುವಿಕೆಯೇ ಕಾರಣ.

ವಿಧವನ್ನು ನಿರ್ಧರಿಸಲು, ಏನು ಯಾವುದರಲ್ಲಿ ಹರಡಿದೆ ಎಂದು ಕೇಳಿಕೊಂಡರೆ ಸಾಕು. ದ್ರವದಲ್ಲಿ ದ್ರವವಿದ್ದರೆ ಹಾಲಿನಂತೆ ಎಮಲ್ಷನ್. ದ್ರವದಲ್ಲಿ ಘನವಿದ್ದರೆ ಬಣ್ಣದಂತೆ ಸಾಲ್. ಘನದಲ್ಲಿ ದ್ರವ ಸಿಕ್ಕಿಕೊಂಡಿದ್ದರೆ ಗಟ್ಟಿ ಮೊಸರಿನಂತೆ ಜೆಲ್. ದ್ರವದಲ್ಲಿ ಅನಿಲವಿದ್ದರೆ ನೊರೆ. ಅನಿಲದಲ್ಲಿ ಘನ ಅಥವಾ ದ್ರವವಿದ್ದರೆ ಹೊಗೆ, ಮಂಜಿನಂತೆ ಏರೋಸಾಲ್.

ಕಣಗಳು ಒಂದಕ್ಕೊಂದು ಅಂಟಿಕೊಳ್ಳದಂತೆ ತಡೆಯುವುದು ಬಹುಮಟ್ಟಿಗೆ ಅವುಗಳ ಮೇಲಿನ ಸಮಾನ ವಿದ್ಯುದಾವೇಶ. ಪರೀಕ್ಷಿಸಲು ಬಿಸಿ ಹಾಲಿಗೆ ನಿಂಬೆರಸ ಹಿಂಡಿ: ಆಮ್ಲವು ಹಾಲಿನ ಪ್ರೋಟೀನಾದ ಕೇಸೀನ್‌ನ ಕಣಗಳ ಆವೇಶವನ್ನು ಕುಗ್ಗಿಸುವುದರಿಂದ ಹಾಲು ಒಡೆಯುತ್ತದೆ. ಕೆಮ್ಮಣ್ಣಿನ ನೀರಿಗೆ ಪಟಿಕ ಹಾಕಿದಾಗ ಅದರಲ್ಲಿನ ಅಲ್ಯೂಮಿನಿಯಂ ಅಯಾನುಗಳು (ಧನಾವೇಶದ ಕಣಗಳು) ಜೇಡಿಕಣಗಳ ಋಣಾವೇಶವನ್ನು ತಣಿಸಿ, ರಾತ್ರಿಯಿಡೀ ತಿಳಿಯಾಗದ ನೀರನ್ನೂ ತಿಳಿಗೊಳಿಸುತ್ತವೆ.